ಪೆಟ್ಟು ತಿನ್ನಲು ಹೋಗುವುದಲ್ಲ

"ಈ ವಯಸ್ಸಿನಲ್ಲಿ ಅಲ್ಲಿಗೆ ಹೋಗಿ ಪೆಟ್ಟು ತಿನ್ನುವುದು ಯಾಕೆ?" ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ನಮ್ಮ ಬಳಗದ ಹಬ್ಬದೂಟದಲ್ಲಿ, ಊರಿನಿಂದ ಅಮ್ಮ ಮಾಡುವ ಭಾನುವಾರದ ಫೋನಿನಲ್ಲಿ, ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ನನಗೀಗ 43 ವರ್ಷ. ಬರ್ಕ್ಲಿಯ ಗಿಲ್‌ಮನ್ ಬೀದಿಯ 924ನೇ ನಂಬರಿನ ಸಭಾಂಗಣಕ್ಕೆ ಎರಡು ತಿಂಗಳಿಗೊಮ್ಮೆಯಾದರೂ ಹೋಗಿ, ಒಂದೇ ಸಂಜೆ ನಾಲ್ಕೈದು ಪಂಕ್ ರಾಕ್ ಬ್ಯಾಂಡುಗಳನ್ನು, ಅಂದರೆ ವೇಗ, ಅಬ್ಬರ, ಕೂಗಿನ ಹಾರ್ಡ್‌ಕೋರ್ ಮತ್ತು ಗುನುಗುವಂಥ ರಾಗವಿರುವ ಪಾಪ್-ಪಂಕ್ ಬ್ಯಾಂಡುಗಳನ್ನು, ನಿಂತೇ ಕೇಳಿ ಬರುತ್ತೇನೆ. ಇನ್ನು ಮುಂದೆ ಕೇಳುವವರು ದಯವಿಟ್ಟು ಇದನ್ನು ಓದಿಕೊಳ್ಳಿ.

ಕೇಳುವ ರೀತಿಯೇ ನನಗೆ ಸಿಟ್ಟು ತರಿಸುತ್ತದೆ. 'ಪೆಟ್ಟು ತಿನ್ನುವುದು' ಎಂದು ಮೊದಲೇ ತೀರ್ಮಾನಿಸಿಕೊಂಡವರಿಗೆ ಬೇಕಾಗಿರುವುದು ಉತ್ತರವಲ್ಲ, ನಾನು ತಪ್ಪೊಪ್ಪಿಕೊಳ್ಳುವುದು. ಅವರು ನೋಡಿರುವುದು ಯಾರೋ ಮೊಬೈಲಿನಲ್ಲಿ ಹಿಡಿದ ಅರ್ಧ ನಿಮಿಷದ ವಿಡಿಯೊ: ವೇದಿಕೆಯ ಮುಂದೆ ಜನರು ಸುತ್ತು ಹಾಕಿ ಓಡುತ್ತ ಭುಜಕ್ಕೆ ಭುಜ ತಾಗಿಸುವ 'ಪಿಟ್'. ಇದೇ ಜನ ಜಾತ್ರೆಯಲ್ಲಿ ಎದೆ ನಡುಗುವಷ್ಟು ಹತ್ತಿರ ಹೋಗಿ ಡೊಳ್ಳು ಕೇಳುತ್ತಾರೆ, ತೇರಿನ ಮಿಣಿ ಹಿಡಿಯಲು ನೂಕಾಡುತ್ತಾರೆ; ಅಲ್ಲಿ ಯಾರೂ ಯಾರ ವಯಸ್ಸನ್ನೂ ಕೇಳುವುದಿಲ್ಲ.

ಕಳೆದ ಚಳಿಗಾಲದ ಒಂದು ಶನಿವಾರ ಐದು ಬ್ಯಾಂಡುಗಳಿದ್ದವು. ಐದಕ್ಕೂ ಒಂದೇ ಡ್ರಮ್ ಸೆಟ್. ಪ್ರತಿಯೊಬ್ಬ ಡ್ರಮ್ಮರ್ ತನ್ನ ಸ್ನೇರ್ ಎಂಬ ಚಿಕ್ಕ ಡ್ರಮ್ ಮತ್ತು ಸಿಂಬಲ್ ಎಂಬ ಲೋಹದ ತಟ್ಟೆಗಳನ್ನು ಮಾತ್ರ ತಂದು ಜೋಡಿಸಿಕೊಳ್ಳುತ್ತಿದ್ದ. ಮೂರನೆಯದು ಹಾರ್ಡ್‌ಕೋರ್ ಬ್ಯಾಂಡು. ಹಾಡು ಶುರುವಾಗಿ ಪಿಟ್ ತಿರುಗತೊಡಗಿದಾಗಲೇ ನನ್ನ ಬಲಗಾಲಿನ ಶೂ ಲೇಸು ಬಿಚ್ಚಿಕೊಂಡಿತು. ನಾನು ಬಗ್ಗಿದ ಕೂಡಲೇ ನನ್ನ ಮಗಳ ಓರಗೆಯ ಒಬ್ಬ ಹುಡುಗ ಓಡುವವರಿಗೆ ಬೆನ್ನು ಕೊಟ್ಟು, ಎರಡೂ ತೋಳು ಚಾಚಿ ನಿಂತ. ಇನ್ನಿಬ್ಬರು ಬಂದು ಅವನ ಅಕ್ಕಪಕ್ಕ ಸೇರಿಕೊಂಡರು. ಅವರ ಬೆನ್ನಿಗೆ ಧಡಧಡನೆ ಮೈ ಬಂದು ತಾಗುವುದು ನನಗೆ ಕೇಳಿಸುತ್ತಿತ್ತು. ನನ್ನ ಸುತ್ತ ಒಂದು ಮಣೆ ಹಾಕುವಷ್ಟು ಜಾಗ ಮಾತ್ರ ಅಲುಗಾಡದೆ ಉಳಿಯಿತು. ಎರಡನೇ ಗಂಟು ಹಾಕುವ ಮೊದಲೇ ಹಾಡು ಮುಗಿಯಿತು, ಏಕೆಂದರೆ ಹಾರ್ಡ್‌ಕೋರ್ ಹಾಡುಗಳು ಹೆಚ್ಚಾಗಿ ಒಂದೆರಡು ನಿಮಿಷದವು. ಹುಡುಗ ತಿರುಗಿಯೂ ನೋಡದೆ ಮುಂದಿನ ಹಾಡಿಗೆ ಓಡಿದ. ಬಿದ್ದವರನ್ನು ತಕ್ಷಣ ಎತ್ತಬೇಕು, ಕಳಚಿದ ಕನ್ನಡಕವನ್ನು ತಲೆಯ ಮೇಲೆ ಎತ್ತಿ ಹಿಡಿದು ತೋರಿಸಬೇಕು ಎಂಬುದನ್ನು ಅಲ್ಲಿ ಯಾರೂ ಹೇಳಿಕೊಡುವುದಿಲ್ಲ, ನೋಡಿ ಕಲಿಯುತ್ತಾರೆ.

ನಾಲ್ಕನೆಯದು ಪಾಪ್-ಪಂಕ್. ಓಡುತ್ತಿದ್ದವರೆಲ್ಲ ವೇದಿಕೆಗೆ ಒತ್ತಿ ನಿಂತು, ಬೆರಳೆತ್ತಿ ಹಾಡಿನ ಪ್ರತಿ ಸಾಲನ್ನೂ ಜೊತೆಗೆ ಹಾಡಿದರು. ಈ ಎರಡು ಬಗೆಗಳನ್ನು ಒಂದೇ ಸಂಜೆಗೆ ಇಡುವುದು ವಿಚಿತ್ರವೇನಲ್ಲ, ಅವು ಒಂದೇ ಬೇರಿನವು. 1982ರಲ್ಲಿಯೇ ಡಿಸೆಂಡೆಂಟ್ಸ್ ಬ್ಯಾಂಡು ಹಾರ್ಡ್‌ಕೋರ್‌ನ ವೇಗಕ್ಕೆ ಗುನುಗಬಹುದಾದ ರಾಗವನ್ನು ಕೂಡಿಸಿತ್ತು.

ಕಿವಿ ಹಾಳಾಗುವುದಿಲ್ಲವೇ ಎಂಬುದೊಂದೇ ನ್ಯಾಯವಾದ ಪ್ರಶ್ನೆ. ಹಾಳಾಗುತ್ತದೆ. 100 ಡೆಸಿಬೆಲ್ ಸದ್ದಿಗೆ ದಿನಕ್ಕೆ 15 ನಿಮಿಷವೇ ಮಿತಿ ಎನ್ನುತ್ತದೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್. ಆದ್ದರಿಂದ ಇಯರ್‌ಪ್ಲಗ್ ಇಲ್ಲದೆ ನಾನು ಹೋಗುವುದಿಲ್ಲ, ಮಗಳನ್ನೂ ಬಿಡುವುದಿಲ್ಲ.

ನನ್ನನ್ನು ಯಾರಾದರೂ ಕೇಳಲಿ ಎಂದು ನಾನು ಕಾಯುತ್ತಿರುವ ಪ್ರಶ್ನೆ ಬೇರೆ ಇದೆ: ಹೆಂಡ ಮಾರದ ಆ ಜಾಗ 1986ರ ಡಿಸೆಂಬರ್ 31ರಂದು ಬಾಗಿಲು ತೆರೆದು, ಇಷ್ಟು ವರ್ಷ ಹೇಗೆ ಉಳಿಯಿತು? ಅಮೆರಿಕದಲ್ಲಿ ಬ್ಯಾಂಡುಗಳು ನುಡಿಸುವ ಎಷ್ಟೋ ಕ್ಲಬ್ಬುಗಳು ಬಾರಿನ ಆದಾಯದಿಂದ ನಡೆಯುತ್ತವೆ, ಹಾಗಾಗಿ 21 ತುಂಬದವರನ್ನು ಒಳಗೆ ಬಿಡುವುದಿಲ್ಲ. 1980ರ ಸುಮಾರಿಗೆ ಕುಡಿಯುವ ವಯಸ್ಸಾಗದ ಹುಡುಗರ ಕೈಮೇಲೆ ಕಪ್ಪು ಶಾಯಿಯಲ್ಲಿ 'ಎಕ್ಸ್' ಗುರುತು ಹಾಕಿ ಒಳಗೆ ಬಿಡುವ ಪದ್ಧತಿ ಶುರುವಾಯಿತು; ಅದನ್ನೇ ಆಮೇಲೆ ಕುಡಿಯದೆ ಬದುಕುವ ಹಾರ್ಡ್‌ಕೋರ್ ಹುಡುಗರು ತಮ್ಮ ಹೆಮ್ಮೆಯ ಗುರುತು ಮಾಡಿಕೊಂಡರು. ಗಿಲ್‌ಮನ್‌ನಲ್ಲಿ ಎಲ್ಲ ವಯಸ್ಸಿನವರಿಗೂ ಪ್ರವೇಶವಿದೆ. ಮದ್ಯವಿಲ್ಲ, ಮಾದಕ ವಸ್ತುವಿಲ್ಲ, ಹೊಡೆದಾಟವಿಲ್ಲ, ಜನಾಂಗ ದ್ವೇಷವಿಲ್ಲ, ಹೆಣ್ಣನ್ನು ಹೀಯಾಳಿಸುವಂತಿಲ್ಲ ಎಂದು ನಿಯಮಗಳನ್ನು ಬರೆದು ಹಾಕಿದ್ದಾರೆ. ದೊಡ್ಡ ರೆಕಾರ್ಡ್ ಕಂಪನಿಗೆ ಸಹಿ ಹಾಕಿದ ಬ್ಯಾಂಡಿಗೆ ಅಲ್ಲಿ ವೇದಿಕೆ ಕೊಡುತ್ತಿರಲಿಲ್ಲ. ಅಲ್ಲೇ ಬೆಳೆದ ಗ್ರೀನ್ ಡೇ ಬ್ಯಾಂಡು ಕೂಡ 1993ರಲ್ಲಿ ಸಹಿ ಹಾಕಿ ಹೊರಗಾಗಿ, 2015ರಲ್ಲಿ ಒಂದು ಸಹಾಯಾರ್ಥ ಕಾರ್ಯಕ್ರಮಕ್ಕಾಗಿ ಮರಳಿತು. ಆ ಜಾಗವನ್ನು ಉಳಿಸಿರುವುದು ಬಾಗಿಲಲ್ಲಿ ಸಂಗ್ರಹವಾಗುವ ಹಣ ಮತ್ತು ಸಂಬಳ ಕೇಳದೆ ದುಡಿಯುವ ಜನ.

ಆ ಶನಿವಾರ ಕೊನೆಯ ಬ್ಯಾಂಡು ಮುಗಿಸಿದಾಗ, ಒಂದು ಗಂಟೆಯ ಹಿಂದೆ ಗಂಟಲು ಹರಿಯುವಂತೆ ಕೂಗಿ ಹಾಡಿದ್ದ ಹುಡುಗಿ ಮೆಲ್ಲಗೆ ಮಾತಾಡುತ್ತ ಟೀ ಶರ್ಟು ಮಾರಿದ ಚಿಲ್ಲರೆ ಎಣಿಸುತ್ತಿದ್ದಳು. ನನಗಾಗಿ ಬೆನ್ನು ಕೊಟ್ಟ ಹುಡುಗ ಪೊರಕೆ ಹಿಡಿದು ಗೋಡೆಯಂಚಿನಿಂದ ಕಸ ಗುಡಿಸುತ್ತ ಬಂದ. ನನ್ನ ಮಗಳು ಅವನ ಬಳಿ ಹೋಗಿ, ಮುಂದಿನ ತಿಂಗಳು ಬಾಗಿಲ ಬಳಿಯ ಮೇಜಿನಲ್ಲಿ ಕೂರಲು ಯಾರಿಗೆ ಹೆಸರು ಕೊಡಬೇಕೆಂದು ವಿಚಾರಿಸಿದಳು.