ಡಲ್ಲಾಸ್ ಬಿಸಿಲಲ್ಲಿ 18 ಡಿಗ್ರಿ

ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ಜುಲೈ ಬಂತೆಂದರೆ ಹೊರಗೆ 38 ಡಿಗ್ರಿ, ಗರಾಜಿನೊಳಗೆ ಇನ್ನೂ ಜಾಸ್ತಿ. ನಾನು ಬಿಯರ್ ಹುದುಗಿಸಲು ಹೊರಟಿದ್ದು ಅದೇ ಗರಾಜಿನಲ್ಲಿ.

ಮನೆಯೊಳಗೇ ಇಡಬಹುದಲ್ವಾ ಅಂತ ಎಲ್ಲರೂ ಕೇಳಿದರು. ನನ್ನ ಬಿಯರ್‌ಗೆ ಬೇಕಿದ್ದದ್ದು 18 ಡಿಗ್ರಿ. ಎಸಿ ಇದ್ದರೂ ನಮ್ಮ ಕೋಣೆ 24 ಡಿಗ್ರಿ. ಯೀಸ್ಟ್ ಸಕ್ಕರೆ ತಿನ್ನಲು ಶುರುಮಾಡಿದರೆ ಅದರದೇ ಶಾಖ ಬೇರೆ. ಬಕೆಟ್ಟಿನೊಳಗೆ ಬಿಯರ್ ಕೋಣೆಗಿಂತ ಮೂರ್ನಾಲ್ಕು ಡಿಗ್ರಿ ಬಿಸಿಯಾಗುತ್ತದೆ. ಆಗ ಬೇಡದ ಹಣ್ಣಿನ ವಾಸನೆ, ಗಂಟಲು ಸುಡುವ ಘಾಟು. ರುಚಿ ಕೆಡುವುದು ಹೆಚ್ಚಾಗಿ ಮೊದಲ ಎರಡು ಮೂರು ದಿನಗಳಲ್ಲೇ. ಆಮೇಲೆ ತಣ್ಣಗೆ ಮಾಡಿ ಪ್ರಯೋಜನವಿಲ್ಲ.

ಅಂದಹಾಗೆ, ಇಲ್ಲಿ ಇದು ಕಳ್ಳಕೆಲಸವಲ್ಲ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದಾಗಿ, ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್‌ವರೆಗೆ ತೆರಿಗೆಯಿಲ್ಲದೆ ಬಿಯರ್ ಮಾಡಿಕೊಳ್ಳಬಹುದು. ಮಾರುವಂತಿಲ್ಲ, ಅಷ್ಟೆ.

ಮನೆ ಖಾಲಿ ಮಾಡುತ್ತಿದ್ದವರೊಬ್ಬರಿಂದ ಹಳೆಯ ಚೆಸ್ಟ್ ಫ್ರೀಜರ್, ಅಂದರೆ ಮೇಲಿನಿಂದ ಮುಚ್ಚಳ ತೆರೆಯುವ ಪೆಟ್ಟಿಗೆಯಂಥದ್ದು, ಸಿಕ್ಕಿತ್ತು. ಒಂದು ಶನಿವಾರ ಬೆಳಿಗ್ಗೆ ಕೆಲಸಕ್ಕೆ ಕೂತೆ. ಸೆನ್ಸರ್‌ನಿಂದ ಉಷ್ಣತೆ ಅಳೆದು ತಾನೇ ಆನ್, ಆಫ್ ಮಾಡುವ, ಎರಡು ಪ್ಲಗ್ ಇರುವ ಇಂಕ್‌ಬರ್ಡ್ ಕಂಟ್ರೋಲರ್ ತಂದೆ: ಒಂದಕ್ಕೆ ಫ್ರೀಜರ್, ಇನ್ನೊಂದಕ್ಕೆ ಹೀಟರ್. ಹೀಟರ್ ಅಂದರೆ ಹಲ್ಲಿ, ಹಾವು ಸಾಕುವವರು ಬಳಸುವ ಸೆರಾಮಿಕ್ ಬಲ್ಬ್. ಅದು ಬಿಸಿ ಕೊಡುತ್ತದೆ, ಬೆಳಕು ಕೊಡುವುದಿಲ್ಲ. ಹಾಪ್ಸ್, ಅಂದರೆ ಕಹಿ ಕೊಡುವ ಹೂವು, ಹಾಕಿದ ಬಿಯರ್‌ಗೆ ಬೆಳಕು ಬಿದ್ದರೆ ಕೆಟ್ಟ ನಾತ ಬರುತ್ತದೆ, ಅದಕ್ಕೇ ಈ ಬಲ್ಬ್. ವೈರ್‌ಗಳನ್ನು ಮುಚ್ಚಳದ ರಬ್ಬರಿನ ಸಂದಿಯಿಂದಲೇ ಎಳೆದೆ. ಫ್ರೀಜರ್ ಗೋಡೆಯೊಳಗೆ ಗ್ಯಾಸ್ ಕೊಳವೆಗಳು ಓಡಿರುತ್ತವೆ, ಡ್ರಿಲ್ ತಾಗಿದರೆ ಕಥೆ ಮುಗಿಯಿತು.

ಇಡೀ ದಿನ ತಿಂದದ್ದು ಸೆನ್ಸರ್. ಬಕೆಟ್ಟಿಗೆ 19 ಲೀಟರ್ ನೀರು ತುಂಬಿ ಒಳಗಿಟ್ಟೆ, ಸೆನ್ಸರನ್ನು ಸುಮ್ನೆ ಗಾಳಿಯಲ್ಲಿ ನೇತುಹಾಕಿದೆ. ಗಾಳಿ ಬೇಗ ತಣಿಯುತ್ತದೆ, ಬೇಗ ಬಿಸಿಯಾಗುತ್ತದೆ. ಕಂಪ್ರೆಸರ್ ಪದೇ ಪದೇ ಆನ್, ಆಫ್. ನೀರು ಮಾತ್ರ ತನ್ನ ಪಾಡಿಗೆ ಬೆಚ್ಚಗೆ ಕೂತಿತ್ತು. ಆಮೇಲೆ ಸೆನ್ಸರನ್ನು ಬಕೆಟ್ಟಿನ ಮೈಗೇ ಅಂಟಿಸಿ, ಮೇಲೆ ದಪ್ಪ ಸ್ಪಂಜು ಇಟ್ಟು ಟೇಪ್ ಸುತ್ತಿದೆ. ಈಗ ಅಳತೆ ಗಾಳಿಯದಲ್ಲ, ನೀರಿನದು. ಕಂಪ್ರೆಸರ್ ಒಮ್ಮೆ ನಿಂತರೆ ಮತ್ತೆ ತಕ್ಷಣ ಶುರುವಾಗದಂತೆ ಮೂರು ನಿಮಿಷದ ತಡೆಯನ್ನೂ ಇಟ್ಟೆ. ಸಂಜೆ ಹೊತ್ತಿಗೆ ಪರದೆಯ ಮೇಲೆ 18 ಕದಲದೆ ನಿಂತಿತು. ಪಕ್ಕದಲ್ಲಿ ನಾನು ಬೆವರು ಒರೆಸಿಕೊಳ್ಳುತ್ತಿದ್ದೆ!

ಮರುದಿನ ಪೇಲ್ ಏಲ್ ಎಂಬ ಬಗೆಯ ಬಿಯರ್‌ಗೆ ರಸ ಕುದಿಸಿ, ತಣಿಸಿ, ಯೀಸ್ಟ್ ಹಾಕಿ ಒಳಗಿಟ್ಟೆ. ತುಂಬಿದ ಬಕೆಟ್ಟನ್ನು ಆ ಆಳಕ್ಕೆ ಇಳಿಸುವುದು ಸೊಂಟಕ್ಕೆ ಒಳ್ಳೆಯದಲ್ಲ. ಹೊಸದಾಗಿ ಕಟ್ಟುವವರಿಗೆ ಮುಂದಿನಿಂದ ಬಾಗಿಲು ತೆರೆಯುವ, ನೆಟ್ಟಗೆ ನಿಲ್ಲುವ ಫ್ರಿಜ್ಜೇ ವಾಸಿ ಅಂತ ನಾನು ಹೇಳುತ್ತೇನೆ. ಬಿಯರ್ ಮಾತ್ರ ಸ್ವಚ್ಛವಾಗಿ ಬಂತು. ಹಾಪ್ಸಿನ ಕಹಿ, ಮಾಲ್ಟಿನ (ಮೊಳಕೆ ಬರಿಸಿದ ಧಾನ್ಯದ) ಸಿಹಿ ಬೇರೆಬೇರೆಯಾಗಿ ನಾಲಿಗೆಗೆ ಸಿಕ್ಕವು.

ಚಳಿಗಾಲದಲ್ಲಿ ಹೊಸ ತಕರಾರು ಎದ್ದಿತು. ದೋಸೆ ಹಿಟ್ಟು ಉಬ್ಬುತ್ತಿಲ್ಲ, ನಿನ್ನ ಪೆಟ್ಟಿಗೆ 30 ಡಿಗ್ರಿ ಕೊಡುತ್ತದಲ್ಲ ಅಂತ ಹೆಂಡತಿ ಕೇಳಿದಳು. ಕೊಡುತ್ತದೆ, ಆದರೆ ಬಿಯರ್ ಜೊತೆಗಲ್ಲ. ಏಲ್ ಆದರೆ ಎರಡು ವಾರಕ್ಕೆ ಜಾಗ ಬಿಡುತ್ತದೆ, ಲಾಗರ್ ಅನ್ನೋ ಇನ್ನೊಂದು ಬಗೆಯ ಬಿಯರ್ ಇಟ್ಟರೆ ವಾರಗಟ್ಟಲೆ ತಣ್ಣಗೇ ಇರಬೇಕು. ಹಾಗಾಗಿ ಲಾಗರ್ ಏನಿದ್ದರೂ ಬೇಸಿಗೆಗೆ, ಚಳಿಗಾಲದಲ್ಲಿ ಫ್ರೀಜರ್ ಮೊದಲು ದೋಸೆ ಹಿಟ್ಟಿಗೆ ಅಂತ ಮನೆಯಲ್ಲಿ ತೀರ್ಮಾನವಾಗಿದೆ.