ಕಪ್ಪು ಅಂಚಿನ ಚೌಕಟ್ಟುಗಳು

ಪ್ರವಾದಿಯವರ ಕಾಲದಲ್ಲಿ ಮದೀನಾದ ಮಸೀದಿಯೊಳಗೆ ಪುರುಷರ ಸಾಲುಗಳ ಹಿಂದೆ, ನಡುವೆ ಗೋಡೆಯಿಲ್ಲದೆ, ಮಹಿಳೆಯರೂ ಸಾಲಾಗಿ ನಿಂತು ನಮಾಜು ಮಾಡುತ್ತಿದ್ದರು. ಅವರನ್ನು ಮಸೀದಿಯಿಂದ ತಡೆಯಬಾರದೆಂಬ ಮಾತು ಪ್ರವಾದಿಯವರ ನುಡಿ-ನಡೆಗಳ ದಾಖಲೆಯಾದ ಹದೀಸಿನಲ್ಲಿಯೇ ಇದೆ. ಶುಕ್ರವಾರದ ಜುಮಾ ನಮಾಜು ಅವರಿಗೆ ಕಡ್ಡಾಯವಲ್ಲ, ನಿಜ. ಆದರೆ ಕಡ್ಡಾಯವಲ್ಲದ್ದು ನಿಷಿದ್ಧವೆಂಬಂತೆ ನಮ್ಮಲ್ಲಿ ರೂಢಿಯಾದದ್ದು ನನಗೆ ಒಪ್ಪಿಗೆಯಿಲ್ಲ. ವಿಜಯಪುರದ ಜಾಮಿಯಾ ಮಸೀದಿಯ ನೆಲದಲ್ಲಿ ಒಬ್ಬೊಬ್ಬರ ನಮಾಜಿಗೆ ಒಂದೊಂದರಂತೆ ಕಪ್ಪು ಅಂಚಿನಿಂದ ಗುರುತಿಸಿದ 2,000ಕ್ಕೂ ಹೆಚ್ಚು ಚೌಕಟ್ಟುಗಳಿದ್ದು, ಅವನ್ನು ನೋಡುತ್ತ ನನ್ನ ಖಾಲಾ (ತಾಯಿಯ ಸಹೋದರಿ) ಇಂದು, “ಇದರಾಗ ನಮ್ಮವು ಯಾವುವು?” ಎಂದು ನಗುತ್ತಲೇ ಕೇಳಿದರು. ಮಹಿಳೆಯರು ಮಸೀದಿಗೆ ಬಂದು ನಮಾಜು ಮಾಡಲು ಅಡ್ಡಿಯಿಲ್ಲವೆಂದು ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೇ 2020ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿದೆ. ಇನ್ನು ಬೇಕಾದದ್ದು ಬೇರೆ ಬಾಗಿಲು, ವುಜೂ (ನಮಾಜಿಗೆ ಮುನ್ನ ಕೈ, ಮುಖ, ಕಾಲು ತೊಳೆಯುವುದು) ಮಾಡಲು ಮರೆಯಿರುವ ನಲ್ಲಿ. ಅದಕ್ಕೆ ಆಯಾ ಓಣಿಯ ಮಸೀದಿಯ ಜಮಾತಿನವರು (ಸಮುದಾಯದವರು) ಮನಸ್ಸು ಮಾಡಿದರೆ ಸಾಕು.