ಆಳುದ್ದದ ಗುಳ್ಳೆ ಬಂತು, ಗ್ವಾರ್ ಗಮ್ ಗಂಟು ಬಿಡ್ತು

ದೊಡ್ಡ ಸೋಪಿನ ಗುಳ್ಳೆ ಬಿಡಲು ಸೋಪುನೀರಿಗೆ ಹಾಕುವ ಅಂಟಿನ ಪುಡಿ, ಗ್ವಾರ್ ಗಮ್, ಕೊನೆಗೂ ಮಾತು ಕೇಳಿತು! ಕೋಲಿಗೆ ಕಟ್ಟಿದ ಹತ್ತಿ ದಾರದ ಕುಣಿಕೆಯನ್ನು ಸೋಪುನೀರಿಗೆ ಅದ್ದಿ ಎತ್ತಿದರೆ ಗುಳ್ಳೆ ಬರುತ್ತದೆ, ಅದು ನಿಮಗೆ ಗೊತ್ತೇ ಇದೆ. ನೇರ ಪುಡಿ ಗಂಟು ಕಟ್ಟುವ ವಿಷಯಕ್ಕೆ ಬರುತ್ತೇನೆ.

ಈ ಪುಡಿ ನೀರಿಗೆ ಬಿದ್ದ ಕೂಡಲೇ ಹೊರಗೆಲ್ಲ ಲೋಳೆಯಾಗುತ್ತದೆ, ಒಳಗೆ ಒಣ ಪುಡಿ ಹಾಗೇ ಉಳಿಯುತ್ತದೆ. ಸರಿಯಾಗಿ ತಿರುವದ ಮುದ್ದೆಯಲ್ಲಿ ಹಸಿಹಿಟ್ಟಿನ ಗಂಟು ಸಿಗುತ್ತದಲ್ಲ, ಹಾಗೆ. ಒಂದು ಗಂಟು ದಾರಕ್ಕೆ ಅಂಟಿದರೂ ಗುಳ್ಳೆಯ ಪೊರೆ ಅಲ್ಲೇ ಹರಿದುಹೋಗುತ್ತದೆ. ಮಿಕ್ಸಿಗೆ ಹಾಕಿದರೆ ಬರೀ ನೊರೆ.

ದಾರಿ ಇಷ್ಟೇ: ಪುಡಿಯನ್ನು ಮೊದಲು ಗ್ಲಿಸರಿನ್‌ನಲ್ಲಿ ಕಲಸಿ. ಅದರಲ್ಲಿ ಗಮ್ ಬೇಗ ಉಬ್ಬುವುದಿಲ್ಲ, ಕಣಗಳು ಬಿಡಿಬಿಡಿಯಾಗಿರುತ್ತವೆ. ಆಮೇಲೆ ಕಲಕುತ್ತಾ ನೀರು ಸೇರಿಸಿ. ಲೀಟರಿಗೆ 2 ಗ್ರಾಂ ಪುಡಿ ಸಾಕು. ಪಾತ್ರೆ ತೊಳೆಯುವ ಲಿಕ್ವಿಡ್ ಕೊನೆಯಲ್ಲಿ ಹಾಕಿ, ನೊರೆ ಬರದ ಹಾಗೆ.

ಗ್ಲಿಸರಿನ್ ಮಾರಿದ ಅಂಗಡಿಯವರ ಮೇಲೆ ಮಾತ್ರ ಸಿಟ್ಟು ಇನ್ನೂ ಇಳಿದಿಲ್ಲ. ಶುದ್ಧ ಅಂತ ಕೊಟ್ಟ ಬಾಟಲಿಯಲ್ಲಿ ಅರ್ಧ ನೀರು! ಪುಡಿ ಹಾಕಿದ ತಕ್ಷಣ ಲೋಳೆ. ತೂಕ ಮಾಡಿ ನೋಡಿ: 100 ಮಿ.ಲೀ. ಶುದ್ಧ ಗ್ಲಿಸರಿನ್ ಸುಮಾರು 126 ಗ್ರಾಂ ತೂಗಬೇಕು.

ಬೆಳಿಗ್ಗೆ ಕಣದಲ್ಲಿ ಕುಣಿಕೆ ಎತ್ತಿದೆ. ಮಂಡ್ಯದ ಚಳಿಗಾಲ, ಕಬ್ಬಿನ ಗದ್ದೆ ತುಂಬಾ ಮಂಜು. ಆಳುದ್ದದ ಗುಳ್ಳೆ ಬಳುಕುತ್ತಾ ಹೊರಟಿತು. ಹಸಿರು, ಗುಲಾಬಿ ಪಟ್ಟಿಗಳು ನಿಧಾನ ಕೆಳಗೆ ಜಾರಿದವು, ನೆತ್ತಿ ಬಣ್ಣಗೆಟ್ಟು ಕಪ್ಪಾಯಿತು, ಒಡೆಯಿತು. ಡೈರಿಗೆ ಹೊರಟಿದ್ದ ಪಕ್ಕದ ಮನೆ ದೊಡ್ಡಪ್ಪ ಹಾಲಿನ ಕ್ಯಾನ್ ಕೆಳಗಿಟ್ಟು ನಿಂತರು.

"ಏನ್ ಮಗ, ಚಳಿಗೆ ಗುಳ್ಳೆ ಬಿಗಿಯಾಗ್ತವಾ? ಮಧ್ಯಾಹ್ನ ಟಪ್ ಅಂತ ಒಡೀತಿದ್ವಲ್ಲ?"

"ಚಳಿಯಿಂದ ಜಾಸ್ತಿ ಏನಿಲ್ಲ ದೊಡ್ಡಪ್ಪ. ಈ ಮಂಜಿಂದ."

ಲೆಕ್ಕ ನೋಡಿ. ನೀರಿನ ಮೇಲ್ಮೈ ಎಳೆತ (ನೀರಿನ ಮೈ ತನ್ನನ್ನು ತಾನೇ ಬಿಗಿಯಾಗಿ ಎಳೆದುಕೊಳ್ಳುವ ಬಲ) 30 ಡಿಗ್ರಿಯಲ್ಲಿ ಮೀಟರಿಗೆ ಸುಮಾರು 71 ಮಿಲಿನ್ಯೂಟನ್, 15 ಡಿಗ್ರಿಯಲ್ಲಿ 73.5. ಚಳಿ ಮಾಡೋದು ಇಷ್ಟೇ. ಸೋಪು ಆ ಎಳೆತವನ್ನು 30 ಮಿಲಿನ್ಯೂಟನ್ ಆಸುಪಾಸಿಗೆ ಇಳಿಸುತ್ತದೆ. ಪೊರೆ ಎಲ್ಲಾದರೂ ಹಿಗ್ಗಿ ತೆಳುವಾದರೆ ಅಲ್ಲಿ ಸೋಪು ಕಡಿಮೆ, ಎಳೆತ ಜಾಸ್ತಿ. ಸುತ್ತಲಿನ ನೀರನ್ನು ಅದೇ ಎಳೆದುಕೊಂಡು ತೇಪೆ ಹಾಕಿಕೊಳ್ಳುತ್ತದೆ. ಮರಂಗೋನಿ ಪರಿಣಾಮ ಅಂದರೆ ಇದೇ. ತೇಪೆಗೆ ನೀರೇ ಬೇಕಲ್ವಾ? ಮಧ್ಯಾಹ್ನದ ಒಣಗಾಳಿ ಆ ನೀರನ್ನೇ ಹೀರಿಬಿಡುತ್ತದೆ. ಮಂಜಿನ ಗಾಳಿಗೆ ಆಗಲೇ ಹೊಟ್ಟೆ ತುಂಬಿರುತ್ತದೆ.

ಗಮ್ ಬರೋದು ಗೋರಿಕಾಯಿ ಬೀಜದಿಂದ ಅಂದಾಗ ದೊಡ್ಡಪ್ಪನಿಗೆ ಎಲ್ಲಿಲ್ಲದ ಖುಷಿ. "ನಮ್ಮ ಹಿತ್ತಲಲ್ಲೇ ಅದಲ್ಲೋ!" ಅಂದರು. ಬಲಿತ ಬೀಜ ಎತ್ತಿಡಿ ಅಂದಿದ್ದೇನೆ. ಸಿಪ್ಪೆ, ಮೊಳಕೆ ಭಾಗ ತೆಗೆದು ಬೇಳೆ ಮಾತ್ರ ಬೀಸಬೇಕು.

ಅದಕ್ಕೂ ಮೊದಲು ಇನ್ನೊಂದು ಪ್ರಯೋಗ ಮಾಡುವುದಿದೆ. ಗಾಜಿನ ಮೀನಿನ ತೊಟ್ಟಿಯ ತಳದಲ್ಲಿ ಅಡುಗೆ ಸೋಡಾಕ್ಕೆ ವಿನೆಗರ್ ಹಾಕಿದರೆ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಗಾಳಿಗಿಂತ ಭಾರ, ಗುಳ್ಳೆ ಅದರ ಮೇಲೆ ತೇಲುತ್ತದೆ. ಅನಿಲ ಪೊರೆ ದಾಟಿ ಒಳಗೆ ಸೇರಿದಂತೆ ಗುಳ್ಳೆ ದಪ್ಪವಾಗುತ್ತಾ ಮೆಲ್ಲಗೆ ಇಳಿಯುತ್ತದೆ. ಮಂಡ್ಯ ಕಡೆ ಯಾರ ಹತ್ತಿರವಾದರೂ ಹಳೇ ಮೀನಿನ ತೊಟ್ಟಿ ಇದ್ದರೆ ಹೇಳಿ, ಸೋರಿದರೂ ಪರವಾಗಿಲ್ಲ, ತಳ ನಾನೇ ಸರಿಮಾಡಿಕೊಳ್ಳುತ್ತೇನೆ.